ಖಾಲಿ ಲೋಟಕ್ಕೆ ಸಿಕ್ಕ ನಾಮಿನೇಷನ್

ಸಿನಿಮಾ ಪ್ರಶಸ್ತಿಗಳ ನಾಮಿನೇಷನ್ ಪಟ್ಟಿ ಬಂತೆಂದರೆ ನನ್ನ ಬಿ.ಪಿ. ಏರುತ್ತದೆ. ಧೋ ಎನ್ನುವ ಮಳೆಯಲ್ಲಿ ಅತ್ತರೂ ಕಾಡಿಗೆ ಕದಡದ ನಟಿಗೆ ಶ್ರೇಷ್ಠ ಅಭಿನಯವಂತೆ! ಆ ಪ್ರಶಸ್ತಿ ಕಾಡಿಗೆ ಮಾಡಿದವರಿಗೆ ಹೋಗಬೇಕು. ಟಿವಿಯವರದ್ದು ಇನ್ನೂ ಚಂದ. ಇಡೀ ವರ್ಷ ಕೋಮಾದಲ್ಲಿ ಮಲಗಿದ್ದ ಮಾವ ಶ್ರೇಷ್ಠ ಪೋಷಕ ನಟ. ಹೋಗಲಿ ಬಿಡಿ, ಆ ಧಾರಾವಾಹಿಯಲ್ಲಿ ಅತಿಯಾಗಿ ನಟಿಸದವನು ಅವನೊಬ್ಬನೇ. ಆದರೆ ಹೋದ ವರ್ಷದ ಪಟ್ಟಿಯನ್ನು ಹೀಗೆ ಬೈಯುತ್ತ ಓದುವ ಸುಖ ನನಗೆ ಸಿಗಲಿಲ್ಲ. ಅದರಲ್ಲಿ ನಮ್ಮ ಅಪ್ಪನ ಕೈವಾಡವಿತ್ತು.

ದಿಲ್ಲಿಯ ಓಖ್ಲಾದಲ್ಲಿ ನಮ್ಮದೊಂದು ಚಿಕ್ಕ ಹೋಟೆಲು. ಕುಂದಾಪುರದ ಕಡೆಯಿಂದ ಬಂದ ಅಪ್ಪ ದೋಸೆ ಹೊಯ್ದು ಕಟ್ಟಿದ್ದು. ಈಗ ಗಲ್ಲಾದಲ್ಲಿ ನಾನು ಕೂರುತ್ತೇನೆ, ಅಪ್ಪ ಮೇಜುಗಳ ಮೇಲೆ ಕಣ್ಣಿಟ್ಟಿರುತ್ತಾರೆ. ಅವರದ್ದು ಒಂದೇ ಕಾನೂನು: ಮೇಜಿನ ಮೇಲೆ ಖಾಲಿ ಲೋಟ ಕೂರಬಾರದು. ಗಿರಾಕಿ ಕೊನೆಯ ಗುಟುಕು ನುಂಗುವುದರೊಳಗೆ ಲೋಟ ಮಾಯ, ಮೇಜು ಫಳಫಳ.

ದಿನಾ ಕಾಫಿಗೆ ಬರುತ್ತಿದ್ದ ದಿಲ್ಲಿಯ ಹುಡುಗಿಯೊಬ್ಬಳು ತನ್ನ ಮೊದಲ ಸಿನಿಮಾದ ಒಂದು ದೃಶ್ಯವನ್ನು ನಮ್ಮಲ್ಲೇ ತೆಗೆದಳು. ನಾಯಕಿ ಗಂಡನನ್ನು ಬಿಟ್ಟು ಹೊರಡುವ ದೃಶ್ಯ. ಅವಳ ಮುಂದೊಂದು ಖಾಲಿ ಲೋಟ. "ಅಂಕಲ್, ಪ್ಲೀಸ್, ಏನನ್ನೂ ಮುಟ್ಟಬೇಡಿ" ಎಂದು ಹುಡುಗಿ ಕೈಮುಗಿದಿದ್ದಳು. ಅಪ್ಪ ಆಯ್ತೆಂದಿದ್ದರು. ಆದರೆ ಎರಡು ಶಾಟುಗಳ ನಡುವೆ ಎಲ್ಲರೂ ಲೈಟು ಸರಿಮಾಡುತ್ತಿದ್ದಾಗ ಅವರ ಕೈ ಸುಮ್ಮನಿರಬೇಕಲ್ಲ!

ಅಪ್ಪನಿಗೇ ಅದು ನೆನಪಾದದ್ದು ಥಿಯೇಟರಿನಲ್ಲಿ. ನಾಯಕಿ ಅಳುತ್ತಾಳೆ, ಲೋಟ ಇದೆ. ಗಂಡನ ಮುಖ. ಮತ್ತೆ ನಾಯಕಿ, ಲೋಟ ಇಲ್ಲ. ಒದ್ದೆ ಮೇಜು ಮಿಂಚುತ್ತಿದೆ. ಅಪ್ಪ ನನ್ನ ಮೊಣಕೈ ಹಿಂಡಿದರು.

"ಅಯ್ಯೋ ದೇವ್ರೇ, ಅದು ನಾನೇ ತೆಗ್ದದ್ದು ಮಾರಾಯ್ತಿ! ಪಾಪ, ಆ ಹುಡುಗಿಯ ಸಿನಿಮಾ ಹಾಳು ಮಾಡಿದೆ."

ಆಮೇಲೆ ಪಟ್ಟಿ ಬಂತು. ಆ ಪುಟ್ಟ ಸಿನಿಮಾಕ್ಕೆ ಒಂದೇ ಒಂದು ನಾಮಿನೇಷನ್, ಅದೂ ಎಡಿಟಿಂಗಿಗೆ. ಶಾಟಿಗೆ ಶಾಟು ಸರಿಯಾಗಿ ಜೋಡಿಸಿದ್ದಕ್ಕೆ! ಅಪ್ಪನ ನಿದ್ದೆ ಹಾರಿತು.

"ತೀರ್ಪು ಕೊಡುವವರಿಗೆ ಕಣ್ಣಿಲ್ವಾ? ಕಂಡೇ ಕಾಣ್ತದೆ. ನನ್ನಿಂದ ಅವಳ ಮರ್ಯಾದೆ ಹೋಗ್ತದೆ. ಹೇಳಿಬಿಡ್ಲಾ?"

"ನೀವು ಸುಮ್ನಿರಿ ಅಪ್ಪ, ಯಾರಿಗೂ ಗೊತ್ತಿಲ್ಲ" ಎಂದೆ.

ಅವಳು ಬಂದಾಗಲೆಲ್ಲ ಅಪ್ಪ ಅಡುಗೆಮನೆ ಸೇರತೊಡಗಿದರು. ಅವಳು ಕುಡಿದಿಟ್ಟ ಲೋಟ ಮೇಜಿನ ಮೇಲೆ ಒಣಗುತ್ತ ಕೂತಿರುತ್ತಿತ್ತು. ನಮ್ಮ ಹೋಟೆಲಿನಲ್ಲಿ!

ಭಾನುವಾರ ಸಂಜೆ ಸಮಾರಂಭವನ್ನು ಹೋಟೆಲಿನ ಟಿವಿಯಲ್ಲೇ ನೋಡಿದೆವು. ನಾಮಿನೇಷನ್ ಓದುವಾಗ ಅದೇ ದೃಶ್ಯ ತೋರಿಸಬೇಕೇ! ಮಾಯವಾಗುವ ಲೋಟದ ಮೂಲಕ ದಾಂಪತ್ಯದ ಶೂನ್ಯವನ್ನು ಹಿಡಿದ ಸಂಕಲನ ಎಂದು ನಿರೂಪಕ ಗಂಭೀರವಾಗಿ ಹೇಳಿದ. ನಾನು ನಕ್ಕು ನಕ್ಕು ಗಲ್ಲಾಪೆಟ್ಟಿಗೆಯ ಮೇಲೆ ಬಿದ್ದೆ. ಅಪ್ಪ ನಗಲಿಲ್ಲ.

"ಎಂತ ಶೂನ್ಯ? ನಾನು ಒರೆಸಿದ್ದು!"

ಪ್ರಶಸ್ತಿ ಒಂದು ಯುದ್ಧದ ಸಿನಿಮಾಕ್ಕೆ ಹೋಯಿತು. ಅದರ ದೃಶ್ಯಗಳನ್ನು ಮಿಕ್ಸಿಗೆ ಹಾಕಿ ತಿರುಗಿಸಿದಂತಿತ್ತು. ನಾನು ಎಷ್ಟು ಬೈದರೂ ಅಪ್ಪನಿಗೆ ಸಮಾಧಾನವಾಗಲಿಲ್ಲ. ನನ್ನಿಂದಲೇ ತಪ್ಪಿಹೋಯ್ತು ಎನ್ನುತ್ತ ಊಟ ಬಿಟ್ಟರು.

ಮರುದಿನ ಅವಳು ಬಂದಾಗ ಅಪ್ಪ ಈಚೆ ಬಂದು, ಇಷ್ಟು ವರ್ಷವಾದರೂ ಸುಧಾರಿಸದ ತಮ್ಮ ಹಿಂದಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡರು.

"ಗೊತ್ತು ಅಂಕಲ್" ಎಂದಳು ಅವಳು. ಲೋಟವಿದ್ದ ಟೇಕೂ ಅವಳ ಹತ್ತಿರ ಇತ್ತಂತೆ. ಆದರೆ ಲೋಟ ಹೋದಮೇಲೆ ನಾಯಕಿಗೆ ಹಿಡಿದುಕೊಳ್ಳಲು ಏನೂ ಸಿಗದೆ, ಖಾಲಿ ಮೇಜನ್ನೇ ಬೆರಳಿನಿಂದ ಸವರಿದ್ದಳು. ಇಡೀ ಸಿನಿಮಾದಲ್ಲಿ ಆ ನಟಿ ನಟಿಸದೇ ಇದ್ದದ್ದು ಆ ಒಂದು ಗಳಿಗೆಯಂತೆ. ಅದಕ್ಕೇ ಅದನ್ನು ಇಟ್ಟುಕೊಂಡೆ ಎಂದಳು.

ಅವಳ ಕಾಫಿ ಮುಗಿಯಿತು. ಅಪ್ಪ ಹೆಗಲ ಮೇಲಿನ ಬಟ್ಟೆ ಹಿಡಿದು ನಿಂತೇ ಇದ್ದರು, ಕೈ ಮಾತ್ರ ಮುಂದೆ ಹೋಗಲೊಲ್ಲದು. ಕೊನೆಗೆ ಅವಳೇ ಲೋಟವನ್ನು ಅವರತ್ತ ಸರಿಸಿದಳು.

"ತೆಗೀರಿ ಅಂಕಲ್, ಖಾಲಿಯಾಯ್ತು."

ಅಪ್ಪ ಲೋಟ ಎತ್ತಿಕೊಂಡರು. ಒಮ್ಮೆ ಒರೆಸಿದರೆ ಸಾಕಾಗುತ್ತಿದ್ದ ಮೇಜನ್ನು ಮೂರು ಸಲ ಒರೆಸಿದರು.