ಜಗ್ಗಿ ನೋಡುವ ಕೈ

ಕಲ್ಲಿದ್ದಲು ಗಣಿ ಮುಚ್ಚಿದ ಮೇಲೆ ಗುಡ್ಡದ ತಲೆ ಬೋಳಿಸಿ ಅಲ್ಲಿ ಸೆರೆಮನೆ ಕಟ್ಟಿದರು. ಅಪ್ಪ ನೆಲದಡಿ ಇಳಿದ ಊರಿನಲ್ಲಿ ಮಗಳು ವರ್ನಾ ಸ್ಟಿಡಮ್ ಗುಡ್ಡ ಹತ್ತಿ ಕಾವಲುಗಾರ್ತಿಯಾದಳು. ಆ ಕಣಿವೆಯಲ್ಲಿ ಬೇರೆ ಕೆಲಸವಿರಲಿಲ್ಲ. ಗಣಿಯವರು ಆಗಾಗ ತಪಾಸಣೆ ಮಾಡಿಸುತ್ತಿದ್ದರು. ಗಣಿಯೊಳಗಿನ ಗಾಳಿ ಚೆನ್ನಾಗಿದೆ ಎಂದು ತಪಾಸಣೆಯವರು ಬರೆದುಕೊಂಡು ಹೋಗುತ್ತಿದ್ದಾಗಲೇ ಅಪ್ಪ ಕೆಮ್ಮಿ ಕೆಮ್ಮಿ ಸತ್ತಿದ್ದ.

ಸೆರೆಮನೆಯ ಸಿ ವಿಭಾಗದಲ್ಲಿ ಬೀಗಗಳು ಸವೆದು ಹೋಗಿದ್ದವು. ಬಾಗಿಲು ಮುಚ್ಚಿಕೊಂಡರೆ ಸಾಕು, ಮೇಲೆ ಹಸಿರು ದೀಪ ಹತ್ತುತ್ತಿತ್ತು. ಬೀಗ ನಿಜಕ್ಕೂ ಕಚ್ಚಿದೆಯೋ ಇಲ್ಲವೋ ದೀಪಕ್ಕೆ ತಿಳಿಯುತ್ತಿರಲಿಲ್ಲ. ಹಾಗಾಗಿ ಕಾವಲಿನವರು ಪ್ರತಿ ಬಾಗಿಲಿನ ಹಿಡಿಕೆಯನ್ನೂ ಒಮ್ಮೆ ಜಗ್ಗಿ ನೋಡಿಯೇ ಮುಂದೆ ಹೋಗುತ್ತಿದ್ದರು. ಹೊಸಬರಿಗೆ ಮೊದಲು ಕಲಿಸುವ ಪಾಠವೇ ಅದು. ವರ್ನಾಳ ಕೈ ಮನೆಯಲ್ಲಿ ಫ್ರಿಜ್ಜಿನ ಬಾಗಿಲನ್ನೂ ಜಗ್ಗದೆ ಬಿಡುತ್ತಿರಲಿಲ್ಲ.

"ಒಳಗಿರೋದು ಹಂದಿ ಮಾಂಸ ಕಣೇ, ಎಲ್ಲೂ ಓಡಿಹೋಗಲ್ಲ," ಎಂದು ಗಂಡ ಕಿಚಾಯಿಸುತ್ತಿದ್ದ.

ಅವಳ ಜೊತೆಗಾತಿ ಡೆಲ್ಫಿಯಾ ಕೂಂಬ್ಸ್ ಒಂದು ದಿನ ಎರಡು ಪಾಳಿ ಒಟ್ಟಿಗೇ ದುಡಿದು, ಸೋತು, ಹಸಿರು ದೀಪ ನಂಬಿ ಮುಂದೆ ನಡೆದಳು. ಬೆನ್ನ ಹಿಂದೆ ಬಾಗಿಲು ತೆರೆಯಿತು, ಒಳಗಿದ್ದ ಕೈದಿ ಮೇಲೆರಗಿದ. ಈಗ ಅವಳ ದವಡೆಯಲ್ಲಿ ತಂತಿಯಿದೆ, ಸೂಪನ್ನು ಕೊಳವೆಯಲ್ಲಿ ಹೀರುತ್ತಾಳೆ.

ಆಮೇಲೆ ಶಾಸನಸಭೆಯ ಸಮಿತಿ ಎಚ್ಚೆತ್ತಿತು. ಭದ್ರತಾ ತಪಾಸಣೆ ಸರಿಯಾಗಿ ನಡೆದಿದೆಯೇ ಎಂದು ಖುದ್ದಾಗಿ ನೋಡಲು ಬರುತ್ತೇವೆ ಎಂದರು. ಆ ತಪಾಸಣೆ ಮಾಡಿದ್ದವನು ಪಕ್ಕದ ಸೆರೆಮನೆಯ ಮುಖ್ಯಸ್ಥನಾದ ವಾರ್ಡನ್. ಅವನ ಸೆರೆಮನೆಯನ್ನು ತಪಾಸಣೆ ಮಾಡಿದ್ದವನು ಇಲ್ಲಿನ ವಾರ್ಡನ್ ಗಾರ್ಲಂಡ್ ಪ್ರೂಯಿಟ್. ಇಬ್ಬರೂ ಪೂರ್ತಿ ಅಂಕದಲ್ಲಿ ಪಾಸು. ಹೇಳದೆ ಕೇಳದೆ ಯಾವ ಹೊತ್ತಿಗಾದರೂ ಒಳಗೆ ನುಗ್ಗುವ ಅಧಿಕಾರ ಸಮಿತಿಗೆ ಕಾನೂನಿನಲ್ಲೇ ಇತ್ತು. ಇವರು ಮಾತ್ರ ಬೀಗರ ಮನೆಗೆ ಬರುವವರಂತೆ ಮೊದಲೇ ಹೇಳಿ ಕಳಿಸಿದರು, ಊಟಕ್ಕೆ ಏನಿರಲಿ ಎಂಬುದನ್ನೂ ಸೇರಿಸಿ. ಗೋಡೆಗೆ, ಬಾಗಿಲಿಗೆ ಬಣ್ಣ ಬಿತ್ತು.

ಹಿಂದಿನ ದಿನ ಪ್ರೂಯಿಟ್ ಎಲ್ಲರನ್ನೂ ನಿಲ್ಲಿಸಿಕೊಂಡ. "ನಾಳೆ ಯಾರೂ ಬಾಗಿಲು ಜಗ್ಗಬಾರದು. ದೀಪ ಹಸಿರಾಯ್ತಾ, ಮುಂದಕ್ಕೆ ನಡೀರಿ."

"ಡೆಲ್ಫಿಯಾನೂ ಅದನ್ನೇ ಮಾಡಿದ್ದು ಸರ್," ಎಂದಳು ವರ್ನಾ.

"ನಿನಗೆ ಪಿಂಚಣಿ ಯಾವಾಗ ವರ್ನಾ? ಹತ್ರ ಬಂತಲ್ವಾ?"

ಬಂದಿತ್ತು. ಗಂಡ ಕೆಲಸ ಕಳೆದುಕೊಂಡು ಕೂತಿದ್ದ. ಇಬ್ಬರ ಹೊಟ್ಟೆಗೂ ಆ ಪಿಂಚಣಿಯೇ ಗತಿ.

ಮರುದಿನ ಸಮಿತಿಯ ಅಧ್ಯಕ್ಷ, ಸೆನೆಟರ್ ಕೋಲ್ಬಿ ರಸ್ಕ್, ಹೊಳೆಯುವ ಬೂಟು ಹಾಕಿಕೊಂಡು ಬಂದ. ವರ್ನಾ ತೆಪ್ಪಗಿರಬೇಕೆಂದೇ ನಿಂತಿದ್ದಳು. ಅವನೆದುರಿಗೇ ಮುದಿ ಕೈದಿ ಏಮಸ್ ಟೀಗ್‌ನನ್ನು ಕೋಣೆಗೆ ಬಿಟ್ಟು ಬಾಗಿಲು ಹಾಕಿದಳು. ದೀಪ ಹಸಿರಾಯಿತು. ಆದರೆ ಕೈ ಕೇಳಬೇಕಲ್ಲ! ಅದು ತನ್ನ ಪಾಡಿಗೆ ಜಗ್ಗಿತು.

ಬಾಗಿಲು ಸಲೀಸಾಗಿ ತೆರೆದುಕೊಂಡಿತು.

ಪ್ರೂಯಿಟ್ ತಕ್ಷಣ ಮುಂದೆ ಬಂದ. "ಕೈದಿ ಬೀಗಕ್ಕೆ ಏನೋ ತುರುಕಿದಾನೆ. ಒಂಟಿ ಕೋಣೆಗೆ ಹಾಕ್ರಿ ಇವನನ್ನ. ತುರುಕಿದಾನೆ ತಾನೆ, ವರ್ನಾ?"

ಏಮಸ್ ಗಂಟು ಗಂಟಾದ ಬೆರಳುಗಳನ್ನು ಎತ್ತಿ ತೋರಿಸಿದ. "ಅಂಗಿ ಗುಂಡಿ ಹಾಕ್ಕೊಳ್ಳೋಕೇ ಆಗಲ್ಲ ಮಿಸ್ ವರ್ನಾ, ಇನ್ನು ತುರುಕೋದೆಲ್ಲಿಂದ ಬಂತು?"

ಹೌದು ಎಂದರೆ ಪಿಂಚಣಿ ಉಳಿಯುತ್ತಿತ್ತು. ವರ್ನಾಳಿಗೆ ಡೆಲ್ಫಿಯಾಳ ತಂತಿ ಕಟ್ಟಿದ ದವಡೆ ನೆನಪಾಯಿತು. ಅವಳು ಪಕ್ಕದ ಬಾಗಿಲಿಗೆ ಹೋಗಿ ಜಗ್ಗಿದಳು. ತೆರೆಯಿತು. ಅದರ ಪಕ್ಕದ್ದು ಅಲುಗಲಿಲ್ಲ. ಆಚೆಯದು ತೆರೆಯಿತು.

"ಇವರೆಲ್ರೂ ತುರುಕಿದ್ರಾ ಸರ್? ಸೆನೆಟರ್, ಬನ್ನಿ, ಒಂದೇ ಒಂದು ಬಾಗಿಲು ನೀವೇ ಜಗ್ಗಿ ನೋಡಿ."

ರಸ್ಕ್ ಕೈಯನ್ನು ಜೇಬಿಗೆ ಇಳಿಸಿದ. "ನಾವು ಮೇಲ್ವಿಚಾರಣೆಗೆ ಬಂದೋರಮ್ಮ. ಬಾಗಿಲು ಜಗ್ಗೋದು ನಮ್ಮ ಕೆಲಸ ಅಲ್ಲ."

"ಬಣ್ಣ ಇನ್ನೂ ಹಸಿ ಇದೆ, ಸಾಹೇಬರ ಕೈಗೆ ಅಂಟೀತು, ಬಿಡಿ ಮಿಸ್ ವರ್ನಾ!" ಎಂದು ಮೇಲಿನ ಅಂತಸ್ತಿನಿಂದ ಯಾರೋ ಕೂಗಿದ. ವಿಭಾಗಕ್ಕೆ ವಿಭಾಗವೇ ಬಾಗಿಲು ಬಡಿದು ನಕ್ಕಿತು. ಸಮಿತಿ ಊಟಕ್ಕೆ ಹೊರಟಿತು. ಕೈದಿಗಳೇ ಹುರಿದ ಕೋಳಿ, ಪೀಚ್ ಹಣ್ಣಿನ ಸಿಹಿ.

ಅಷ್ಟು ಬಾಗಿಲು ತೆರೆದ ಮೇಲೆ ಏಮಸ್ ಒಬ್ಬನನ್ನೇ ಒಂಟಿ ಕೋಣೆಗೆ ತಳ್ಳಲು ಆಗಲಿಲ್ಲ. ಗೆದ್ದದ್ದು ಅಷ್ಟೇ. ಭದ್ರತೆ ತೃಪ್ತಿಕರ, ಸಿಬ್ಬಂದಿ ಎಚ್ಚರದಿಂದಿದ್ದಾರೆ ಎಂದು ಸಮಿತಿ ಹೇಳಿತು. ಎಚ್ಚರದಿಂದಿದ್ದ ವರ್ನಾಳನ್ನು ಪ್ರೂಯಿಟ್ ಹೊರಗಿನ ಕಾರು ನಿಲ್ಲಿಸುವ ಬಯಲಿನ ಕಾವಲಿಗೆ ಎಸೆದ. ದರ್ಜೆ ಇಳಿಸಿದ, ಪಿಂಚಣಿಯೂ ಇಳಿಯಿತು. ವರ್ನಾ ಹಿಮದಲ್ಲಿ ನಿಂತಳು, ಮಳೆಯಲ್ಲಿ ನಿಂತಳು, ಕೆಲಸ ಮಾತ್ರ ಬಿಡಲಿಲ್ಲ.

ಮುಂದಿನ ವರ್ಷ ರಸ್ಕ್ ಮತ್ತೆ ಬಂದ. ಸೆರೆಮನೆಯ ಬಯಲಿನಲ್ಲಿ ಬೀಗ ಹಾಕದ ಕಾರು ನಿಲ್ಲಬಾರದು ಎಂಬುದು ನಿಯಮ. ಅವನು ಕೀಲಿಯ ಗುಂಡಿ ಒತ್ತಿದ, ಕಾರು ಕೀಚ್ ಎಂದಿತು. ವರ್ನಾ ಹೋಗಿ ಹಿಡಿಕೆ ಜಗ್ಗಿದಳು.

"ಬೀಗ ಹಾಕಿದೀನಲ್ಲಮ್ಮ, ಸದ್ದು ಕೇಳ್ಲಿಲ್ವಾ?"

"ಕೇಳ್ತು. ಆದ್ರೂ ನೋಡ್ದೆ. ನಿಮ್ಮ ಕಾರು ಗಟ್ಟಿಯಾಗಿದೆ ಸೆನೆಟರ್. ಒಳಗೆ ಇನ್ನೂ ಅವೇ ಬೀಗ. ನನ್ನ ಜಾಗದಲ್ಲಿ ಈಗ ಒಬ್ಬಳು ಹೊಸ ಹುಡುಗಿ ನಿಂತಿದಾಳೆ. ನಿಮಗೋಸ್ಕರ ಅವಳಿಗೂ ಇವತ್ತು ಜಗ್ಗಬೇಡ ಅಂದಿದಾರೆ."

ಗುಡ್ಡದ ಮೇಲೆ ಆಗಲೇ ಕೋಳಿ ಹುರಿಯುವ ವಾಸನೆ ಎದ್ದಿತ್ತು. ರಸ್ಕ್ ಎರಡು ಹೆಜ್ಜೆ ಕಾರಿನ ಕಡೆಗೆ ಹಿಂದಿರುಗಿದ. ಮಳೆಗೆ ಒದ್ದೆಯಾದ ಅವಳ ಕೈಯ ಗುರುತನ್ನು ಕರವಸ್ತ್ರದಿಂದ ಹಿಡಿಕೆಯ ಮೇಲಿಂದ ಒರೆಸಿ, ಸೆರೆಮನೆಯೊಳಗೆ ಹೋದ.