ಕೀಮನ್ ಚೆನ್ನರಾಯಪ್ಪನವರು ಬರೆದ ಅರ್ಜಿ

ಚೆನ್ನರಾಯಪ್ಪನವರನ್ನು ನಾನು ಮೊದಲು ಕಂಡದ್ದು 1962ರ ಮಾರ್ಚ್ ತಿಂಗಳ ಒಂದು ಸೋಮವಾರ. ಗೌರಿಬಿದನೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ನನಗಿನ್ನೂ ಮೂರು ತಿಂಗಳಾಗಿತ್ತು. ರೈಲ್ವೆಯ ನೀಲಿ ಅಂಗಿ ತೊಟ್ಟ, ನಲವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಅವರ ಹಿಂದೆ, ಬಲಗೈಗೆ ಆಸ್ಪತ್ರೆಯ ಪಟ್ಟಿ ಕಟ್ಟಿಸಿಕೊಂಡಿದ್ದ ಅತ್ತಿಗೆ ಪೆದ್ದಮ್ಮ. ಕೂರಲು ಹೇಳಿದೆ. ಆಕೆ ಕೂತರು, ಇವರು ಕೂರಲಿಲ್ಲ.

"ಕೂತ್ರೆ ನಿದ್ದೆ ಬರ್ತದೆ ಸ್ವಾಮಿ. ಬೆಳಿಗ್ಗೆಯಿಂದ ಆರು ಮೈಲಿ ನಡ್ದಿದೀನಿ."

ತೊಂಡೇಬಾವಿಯ ಆಚೆ ಈಚೆ ದಿನವೂ ಹಳಿಯ ಪಕ್ಕ ನಡೆದು, ಸಡಿಲವಾದ ಬೋಲ್ಟುಗಳನ್ನು ಬಿಗಿಯುವ ಕೀಮನ್ ಕೆಲಸ ಅವರದು.

ಹಳ್ಳಿಯಲ್ಲಿ ಬೋರ್ಡಿನವರು ಎಲ್ಲರಿಗೆಂದು ತೋಡಿಸಿದ ಬಾವಿಯಲ್ಲಿ ಅವರ ಕೇರಿಯವರು ನೀರು ಸೇದುವಂತಿರಲಿಲ್ಲ. ಅಸ್ಪೃಶ್ಯತೆ ಅಪರಾಧವೆಂದು ಕಾನೂನು ಬಂದು ಏಳು ವರ್ಷವಾಗಿದ್ದರೂ ಅರ್ಧ ಮೈಲಿ ದೂರದ ಕುಂಟೆಯ ನೀರೇ ಗತಿ. ಹಿಂದಿನ ವರ್ಷ ಕೇರಿಯ ಹತ್ತು ಮಂದಿ ಒಟ್ಟಾಗಿ ಹೆಬ್ಬೆಟ್ಟು ಒತ್ತಿ, 'ಇನ್ನೂರು ಜನ ಬಂದು ಹೊಡೆದರು, ನಾವೆಲ್ಲ ನೋಡಿದೆವು' ಎಂದು ಅರ್ಜಿ ಕೊಟ್ಟಿದ್ದರು. ವಿಚಾರಣೆಯಲ್ಲಿ ಎಂಟು ಮಂದಿ ಅಂದು ಊರಲ್ಲೇ ಇರಲಿಲ್ಲವೆಂದು ಗೊತ್ತಾಗಿ, ಅರ್ಜಿ ಸುಳ್ಳೆಂದು ಮುಗಿದಿತ್ತು. ತಮ್ಮವರಿಗೆ ತಾವು ಹೆಬ್ಬೆಟ್ಟು ಒತ್ತದೆ ಇನ್ಯಾರು ಒತ್ತಾರೆ ಎಂಬ ಪ್ರೀತಿಯೇ ಅವರನ್ನು ಕೆಡಿಸಿತ್ತು.

ಈ ಸಲ ಚೆನ್ನರಾಯಪ್ಪನವರೇ ಬರೆದು ತಂದ ಅರ್ಜಿ ಬೇರೆ ತರಹ ಇತ್ತು. ಗುರುವಾರ, ಬೆಳಗಿನ ಪ್ಯಾಸೆಂಜರ್ ಹೋದ ಮೇಲೆ. ನೀರು ಸೇದಿ ಹೊರಟ ಪೆದ್ದಮ್ಮನಿಗೆ ಮುನಿಶಾಮಪ್ಪ ಎಂಬ ಜಮೀನುದಾರ ಕೋಲಿನಿಂದ ಎರಡು ಏಟು ಹೊಡೆದ. ಮಡಕೆಯ ಚೂರು ಬಿದ್ದಿರುವುದು ಬಾವಿಕಟ್ಟೆಯಿಂದ ಹನ್ನೊಂದು ಹೆಜ್ಜೆ ದೂರ, ಹೊಂಗೆ ಮರದ ಬುಡದಲ್ಲಿ. ಅದೇ ದಿನದ ಡಾಕ್ಟರ ಚೀಟಿ. ಕಣ್ಣಾರೆ ಕಂಡವರು ಇಬ್ಬರು, ಒಬ್ಬೊಬ್ಬರದೂ ಬೇರೆ ಹಾಳೆ. ಮೂರನೆಯ ಹಾಳೆ ಪೆದ್ದಮ್ಮನ ತಮ್ಮ ಗಂಗುಲಪ್ಪನದು: 'ಕೂಗು ಕೇಳಿ ಓಡಿ ಬಂದೆ. ಹೊಡೆದದ್ದನ್ನು ನೋಡಲಿಲ್ಲ.'

"ಇದನ್ನು ತೆಗೆದುಬಿಡಿ, ಅರ್ಜಿ ಬಲಹೀನವಾಗುತ್ತೆ," ಎಂದೆ.

"ಅವನೂ ಅದೇ ಅಂದು ಎರಡು ದಿನ ಮಾತು ಬಿಟ್ಟವ್ನೆ ಸ್ವಾಮಿ. 'ಅಕ್ಕನ ಕೈ ಮುರ್ದವ್ರೆ, ನಾನು ನೋಡ್ಲಿಲ್ಲ ಅಂತ ಹೇಳೋದಾ ಬಾವ?' ಅಂತಾನೆ." ಅವರು ನಕ್ಕರು. "ಇಡೀ ಲೈನು ಕೆಟ್ಟೋಗಿದೆ ಅಂತ ನಾನು ಬರ್ಕೊಟ್ರೆ ಇಂಜಿನಿಯರ್ ಬರ್ತಾರಾ? ಇಂಥಾ ಕಂಬದ ಹತ್ರ ಇಂಥಾ ಬೋಲ್ಟು ಅಂದ್ರೆ ಬರ್ತಾರೆ. ಕಂಡಷ್ಟೇ ಬರೀಬೇಕು."

"ನನ್ ಕೈ ಹೆಂಗೋ ಕೂಡ್ಕೊಳ್ತದೆ ಬಿಡಪ್ಪ, ನಂಗೆ ಬಾವಿ ಬೇಕು," ಎಂದರು ಪೆದ್ದಮ್ಮ.

ಹತ್ತು ದಿನಕ್ಕೆ ನಮ್ಮ ಕಚೇರಿಯ ಮುಖ್ಯಸ್ಥರಾದ ಅಮಲ್ದಾರರು ಹಳ್ಳಿಗೆ ಹೋದರು. ಕಾಗದಗಳನ್ನು ಹಿಡಿದು ನಾನೂ ಹೋದೆ. ಮುನಿಶಾಮಪ್ಪ ಕೈಮುಗಿದು, "ಯಾರೂ ಹೊಡ್ದಿಲ್ಲ ಬುದ್ಧಿ. ಕಟ್ಟೆ ಮೇಲೆ ಪಾಚಿ, ಜಾರಿ ಬಿದ್ಳು. ಇವರೆಲ್ಲ ಕಲ್ತು ಬಂದು ಒಂದೇ ಮಾತು ಹೇಳ್ತಾರೆ," ಎಂದ.

ಅಮಲ್ದಾರರು ಮೊದಲು ಗಂಗುಲಪ್ಪನನ್ನೇ ಕರೆದರು. "ನೀನು ನೋಡಿದೆಯಾ?"

ಗಂಗುಲಪ್ಪ ಅಕ್ಕನ ಮುಖ ನೋಡಿದ. ಚೆನ್ನರಾಯಪ್ಪನವರು ನೆಲ ನೋಡುತ್ತಿದ್ದರು. "ಇಲ್ಲ ಸ್ವಾಮಿ. ನಾನು ಬರೋ ಹೊತ್ಗೆ ಅಕ್ಕ ಮರದ ಹತ್ರ ಬಿದ್ದಿದ್ಲು. ಅಷ್ಟೇ ನಾನು ಕಂಡಿದ್ದು."

"ಕಲಿಸಿಕೊಟ್ಟವರು ಇದನ್ನ ಕಲಿಸ್ತಾರೇನಯ್ಯ?" ಎಂದು ಅಮಲ್ದಾರರು ಮುನಿಶಾಮಪ್ಪನ ಕಡೆ ತಿರುಗಿದರು. ಆಮೇಲೆ ಕಟ್ಟೆಯಿಂದ ತಾವೇ ಹೆಜ್ಜೆ ಎಣಿಸುತ್ತ ಹೊರಟರು. ಹನ್ನೊಂದನೆಯ ಹೆಜ್ಜೆಗೆ ಹೊಂಗೆಯ ನೆರಳು ಬಂತು. ಗುಡಿಸದೆ ಬಿಟ್ಟಿದ್ದ ಚೂರುಗಳು ಅಲ್ಲೇ ಇದ್ದವು. "ಕಟ್ಟೆ ಮೇಲೆ ಜಾರಿದೋಳು ಇಲ್ಲಿಗೆ ಹಾರಿ ಬಂದಳೋ?"

ಪೊಲೀಸರು ಕೇಸು ಹಾಕಿದರು. ಬಾವಿ ಎಲ್ಲರದೆಂದು ತಮಟೆ ಹೊಡೆಸಿದ ದಿನ ಪೆದ್ದಮ್ಮ ಎಡಗೈಯಲ್ಲಿ ಹಗ್ಗ ಹಿಡಿದರು. ಅರ್ಧ ಕೊಡ ಚೆಲ್ಲಿಹೋಯಿತು. "ಚೆಲ್ಲು ಕಣಕ್ಕಾ, ಇನ್ನೂ ಐತೆ," ಎಂದು ಗಂಗುಲಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ.

ಈಗ 1968. ಚೆನ್ನರಾಯಪ್ಪನವರು ಅದೇ ಹಳಿಯ ಮೇಲೆ ಕೀಮನ್ ಆಗಿದ್ದಾರೆ. ರಜೆಯ ದಿನ ನಗರಗೆರೆಯ ಕಡೆಯ ಹಳ್ಳಿಗಳಿಂದಲೂ ಅವರ ಬಳಿ ಅರ್ಜಿ ಬರೆಸಲು ಜನ ಬರುತ್ತಾರೆ. ಅವರು ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಕಂಡದ್ದನ್ನು ಕೇಳಿ ಬರೆದುಕೊಳ್ಳುತ್ತಾರೆ.