ಕುಮನ ಹುಲ್ಲು

ನಮ್ಮ ಪಕ್ಕದ ಮನೆಯ ವಿದೊಸಾವಳಿಗೆ ಆಕಾಶದ ಹುಚ್ಚು. ಶಾಲೆಯ ಅಡುಗೆಮನೆಯಿಂದ ನಿವೃತ್ತಳಾದ ಮೇಲೆ ಅದು ಇನ್ನೂ ಏರಿತು. ನೀವು ಆಕಾಶಗಂಗೆ ಎನ್ನುವುದನ್ನು ಝ್ಲಾಟಾರ್ ಬೆಟ್ಟದ ನಾವು ‘ಕುಮನ ಹುಲ್ಲು’ ಎನ್ನುತ್ತೇವೆ. ಯಾವನೋ ಒಬ್ಬ ತನ್ನ ಕುಮನ ಹುಲ್ಲು ಕದ್ದು ಓಡುವಾಗ ದಾರಿಯುದ್ದಕ್ಕೂ ಚೆಲ್ಲಿದನಂತೆ. ಆ ಹುಲ್ಲನ್ನು ಎಳೆ ಎಳೆಯಾಗಿ ನೋಡಬೇಕು, ಅವಳಿಗೆ ಅದೊಂದೇ ಆಸೆ.

ಅದಕ್ಕೆ ಬೇಕಾದದ್ದು ಅಗಲ ಬಾಯಿಯ ಕುಳ್ಳ ದುರ್ಬೀನು. ಕಡಿಮೆ ಹಿಗ್ಗಿಸಿ ಹೆಚ್ಚು ಆಕಾಶ ತೋರಿಸುವಂಥದ್ದು. ಚಳಿಗಾಲವೆಲ್ಲ ಒಲೆಯ ಪಕ್ಕ ಕೂತು ಅದನ್ನೇ ಕನಸು ಕಂಡಳು. ಅಷ್ಟರಲ್ಲಿ ಅವಳ ಹುಟ್ಟುಹಬ್ಬಕ್ಕೆ ಕುಮ ರಾದಿಸಾವ್ ಉದ್ದನೆಯ ಡಬ್ಬಿ ಹೊತ್ತು ಬಂದ. ಕುಮ ಎಂದರೆ ಮದುವೆಗೆ ಸಾಕ್ಷಿ ನಿಂತು, ಮಕ್ಕಳಿಗೆ ಹೆಸರಿಟ್ಟವನು; ಅವನು ಅವಳನ್ನು ‘ಕುಮೊ’ ಎಂದು ಕರೆಯುತ್ತಾನೆ. ಅವನು ಕೊಟ್ಟದ್ದನ್ನು ಬೇಡ ಅನ್ನುವವರು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

“ಐನೂರು ಪಟ್ಟು ದೊಡ್ಡದಾಗಿ ತೋರ್ಸುತ್ತಂತೆ ಕುಮೊ! ಇದಕ್ಕಿಂತ ದೊಡ್ಡದು ಅಂಗಡೀಲೇ ಇರ್ಲಿಲ್ಲ.”

“ಯಾರಿಗೂ ಬೇಡವಾಗಿದ್ದನ್ನ ನಿನ್ನ ತಲೆಗೆ ಕಟ್ಟಿದಾರೆ,” ಎಂದೆ. ನನ್ನ ಬಾಯಿಗೆ ಬೀಗವಿಲ್ಲ. ವಿದೊಸಾವ ನನ್ನ ಕಾಲು ತುಳಿದಳು.

ಕತ್ತಲಿಳಿದಾಗ ಅಂಗಳದಲ್ಲಿ ದುರ್ಬೀನು ನಿಲ್ಲಿಸಿದೆವು. ಪ್ಲಮ್ ಮರಗಳ ಮೇಲೆ ಎಳೆ ಚಂದ್ರ, ನೆತ್ತಿಯ ಮೇಲೆ ಹರಡಿದ ಹುಲ್ಲು. ಇಡೀ ಊರೇ ತೇಲುತ್ತಿದ್ದ ಹಾಗಿತ್ತು. ಕೊಳವೆಯಲ್ಲಿ ಮಾತ್ರ ಬರೀ ಕಪ್ಪು, ನಡುವೆ ನಡುಗುವ ಒಂದೇ ಚುಕ್ಕೆ. ಅವಳ ಮುಖ ಬಾಡಿತು.

ಕೊನೆಗೆ ಅವಳೇ ಧೈರ್ಯ ಮಾಡಿದಳು. “ಕುಮಾ, ತಪ್ಪು ತಿಳ್ಕೋಬೇಡ. ಇದನ್ನ ವಾಪಸ್ ಕೊಟ್ಟು ಬೇರೆ ತರೋಣ್ವಾ?”

ರಾದಿಸಾವ್ ತಲೆಯಾಡಿಸಿದ. “ಸರಿ, ನಾಳೆನೇ ಹೋಗೋಣ. ಅದಕ್ಕೆ ಮುಂಚೆ ನಾನೊಂದ್ಸಲ ನೋಡ್ಲಾ?”

ಅವಳು ಕೊಳವೆಯನ್ನು ಚಂದ್ರನತ್ತ ತಿರುಗಿಸಿದಳು. ಅವನು ಬಗ್ಗಿ ಕಣ್ಣಿಟ್ಟ. ಬಗ್ಗಿದವನು ಏಳಲೇ ಇಲ್ಲ.

“ಅಯ್ಯೋ ದೇವ್ರೇ, ಅಂಚು ಕಾಣ್ತಿದೆ. ಗುಂಡಿ ಗುಂಡಿ ಕಾಣ್ತಿದೆ. ಎರಡು ವರ್ಷದಿಂದ ಕಣ್ಣು ಮಂಜಾಗಿ ನನಗೆ ಚಂದ್ರ ಅಂದ್ರೆ ಬರೀ ಮಸಿ ಅರಿವೆ ಕುಮೊ. ದೊಡ್ಡದು ತಂದ್ರೆ ನನಗೂ ಏನಾದ್ರೂ ಕಾಣ್ಬಹುದು ಅಂತ ಒಳಗೊಳಗೇ ಆಸೆ ಇತ್ತು.”

“ಎರಡು ವರ್ಷ! ಬಾಯಿ ಬಿಟ್ಟು ಹೇಳ್ಬಾರದಿತ್ತಾ?” ಎಂದಳು ವಿದೊಸಾವ.

“ಹೇಳಿದ್ರೆ ನೀನು ನನ್ನ ಟ್ರ್ಯಾಕ್ಟರ್ ಕೀ ಕಿತ್ಕೋತಿದ್ದೆ.”

ನಾವು ನಕ್ಕೆವು. ವಿದೊಸಾವ ನಗುತ್ತಲೇ ಕಣ್ಣೊರೆಸಿಕೊಂಡಳು.

“ಹೋಯ್ತು, ಹೋಯ್ತು! ಚಂದ್ರ ಓಡ್ಹೋದ!” ಎಂದು ಅವನು ಕೂಗಿದ. ಅಷ್ಟು ಹಿಗ್ಗಿಸಿದರೆ ಚಂದ್ರ ಸ್ವಲ್ಪ ಹೊತ್ತಿಗೇ ಕೊಳವೆಯಿಂದ ಜಾರಿಬಿಡುತ್ತಾನೆ. ಅವಳು ಕೊಳವೆಯನ್ನು ಕೂದಲೆಳೆಯಷ್ಟು ಸರಿಸಿ ಅವನನ್ನು ಮತ್ತೆ ಹಿಡಿದು ತಂದಳು.

ಕಣ್ಣು ತೆಗೆಯದೆ ಅವನು ಕೇಳಿದ: “ನಾಳೆ ಎಷ್ಟು ಹೊತ್ತಿಗೆ ಹೋಗೋಣ ಅಂಗಡಿಗೆ?”

“ಯಾವ ಅಂಗಡಿಗೆ?” ಎಂದಳು ವಿದೊಸಾವ. ಚಂದ್ರ ಮತ್ತೆ ಜಾರುತ್ತಿದ್ದ. ಅವಳು ಕೊಳವೆಯನ್ನು ಮೆಲ್ಲಗೆ ಚಂದ್ರನ ಹಿಂದೆಯೇ ತಿರುಗಿಸಿದಳು.